ಯುರೇನಿಯಂ ತ್ಯಾಜ್ಯದ ಸಾಗಣೆ: ನಿಯಮದ ಅಳತೆಗೋಲು ಮತ್ತು ಅದರ ಹೊರಗುಳಿದ ಕೆಸರು

ವಿಕಿರಣಶೀಲ ತ್ಯಾಜ್ಯದ ಸಾಗಣೆ ಎಂದೊಡನೆ ಅಣುಸ್ಥಾವರದಿಂದ ಹೊರಬರುವ ಬಳಸಿದ ಇಂಧನವೂ ಅದನ್ನು ಹೊತ್ತ ದಪ್ಪ ಉಕ್ಕಿನ ಪೀಪಾಯಿಗಳೂ ಕಣ್ಣಮುಂದೆ ಬರುತ್ತವೆಯಾದರೂ, ಯುರೇನಿಯಂ ಉದ್ಯಮದಲ್ಲಿ ರಾಶಿರಾಶಿಯಾಗಿ ಉಳಿಯುವ ತ್ಯಾಜ್ಯ ಹುಟ್ಟುವುದು ಸ್ಥಾವರದಲ್ಲಲ್ಲ, ಗಣಿಯ ಪಕ್ಕದ ಅದಿರು ಸಂಸ್ಕರಣಾ ಘಟಕದಲ್ಲಿ. ಅದಿರನ್ನು ನುಣ್ಣಗೆ ಅರೆದು, ಆಮ್ಲದಲ್ಲಿಯೋ ಕ್ಷಾರದಲ್ಲಿಯೋ ಕಲಸಿ ಯುರೇನಿಯಂ ಬೇರ್ಪಡಿಸಿದ ಮೇಲೆ ಉಳಿಯುವ ಬೂದುಬಣ್ಣದ ಕೆಸರನ್ನು ಉದ್ಯಮದ ಮಾತಿನಲ್ಲಿ ಟೇಲಿಂಗ್ಸ್ ಎನ್ನುತ್ತಾರೆ. ಒಂದು ಟನ್ ಅದಿರಿನಲ್ಲಿ ಅರ್ಧ ಕಿಲೋದಷ್ಟೇ ಯುರೇನಿಯಂ ಇರುವ ಕಡೆ ಉಳಿದ ಹೆಚ್ಚುಕಡಿಮೆ ಇಡೀ ಟನ್ನು ತ್ಯಾಜ್ಯವೇ. ಈ ತ್ಯಾಜ್ಯವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವಾಗ ಯಾವ ನಿಯಮ ಅನ್ವಯಿಸುತ್ತದೆ, ಯಾವುದು ಅನ್ವಯಿಸುವುದಿಲ್ಲ, ಆ ಗೆರೆಯನ್ನು ಎಳೆದವರು ಯಾವ ಅಪಾಯವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೆಸರಿನಲ್ಲಿ ಉಳಿಯುವುದು ಏನೆಂಬುದನ್ನು ಮೊದಲು ತಿಳಿಯಬೇಕು. ಯುರೇನಿಯಂ-238ರ ಅರ್ಧಾಯುಷ್ಯ, ಅಂದರೆ ಅದರ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾಗುವ ಕಾಲ, ಸುಮಾರು 450 ಕೋಟಿ ವರ್ಷ. ಅದು ಕ್ಷಯಿಸುತ್ತ ಹೋದಂತೆ ಥೋರಿಯಂ-230, ರೇಡಿಯಂ-226, ರೇಡಾನ್ ಅನಿಲ, ಪೊಲೋನಿಯಂ ಹೀಗೆ ಒಂದರ ಹಿಂದೆ ಒಂದು ಮಕ್ಕಳು ಮೊಮ್ಮಕ್ಕಳು ಹುಟ್ಟುತ್ತವೆ. ಸಂಸ್ಕರಣಾ ಘಟಕವು ತಾಯಿಯನ್ನು ತೆಗೆದುಕೊಂಡು ಸಂತಾನವನ್ನು ಕೆಸರಿನಲ್ಲಿ ಬಿಡುತ್ತದೆ. ಅದಿರಿನ ಮೂಲ ವಿಕಿರಣಶೀಲತೆಯ ಸುಮಾರು ಶೇ. 85 ಭಾಗ ತ್ಯಾಜ್ಯದಲ್ಲೇ ಉಳಿಯುತ್ತದೆ. ಅದರಲ್ಲಿರುವ ಥೋರಿಯಂ-230ರ ಅರ್ಧಾಯುಷ್ಯ ಸುಮಾರು 75,000 ವರ್ಷ, ರೇಡಿಯಂ-226ರದ್ದು 1,600 ವರ್ಷ. ಹಳದಿ ಹಿಟ್ಟಿನಂತೆ ಕಾಣುವ ಯುರೇನಿಯಂ ಸಾಂದ್ರಕ ಬೆಲೆಬಾಳುವುದರಿಂದ ಕಾವಲಿನಲ್ಲಿ ಹೋಗುತ್ತದೆ. ಒಟ್ಟಾರೆಯಾಗಿ ಅದಕ್ಕಿಂತ ಹೆಚ್ಚು ವಿಕಿರಣ ಹೊತ್ತ ಕೆಸರು ಯಾರಿಗೂ ಬೇಡದ ವಸ್ತುವಾಗಿ ಹಿಂದೆ ಉಳಿಯುತ್ತದೆ.

ಈ ವ್ಯತ್ಯಾಸ ಸಾಗಣೆ ನಿಯಮದೊಳಗೇ ದಾಖಲಾಗಿದೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು 1961ರಲ್ಲಿ ಮೊದಲು ಪ್ರಕಟಿಸಿ ಅಂದಿನಿಂದ ಮತ್ತೆ ಮತ್ತೆ ಪರಿಷ್ಕರಿಸುತ್ತ ಬಂದ ಸಾಗಣೆ ನಿಯಮಾವಳಿಯೇ ಬಹುಪಾಲು ದೇಶಗಳ ಕಾನೂನಿಗೆ ಆಧಾರ. ಅದರ 2018ರ ಆವೃತ್ತಿಗೆ ಎಸ್‌ಎಸ್‌ಆರ್-6 ಎಂಬ ಸಂಖ್ಯೆಯಿದೆ. ಪ್ರತಿ ಸರಕಿಗೂ ‘ಸಾಗಣೆ ಸೂಚ್ಯಂಕ’ ಎಂಬ ಒಂದು ಅಂಕಿಯನ್ನು ಕಟ್ಟಬೇಕೆಂದು ಅದು ವಿಧಿಸುತ್ತದೆ. ಸರಕಿನಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ ಎಷ್ಟು ಮಿಲಿಸೀವರ್ಟ್ ವಿಕಿರಣ ಬೀಳುತ್ತದೆಂದು ಅಳೆದು, ಅದನ್ನು ನೂರರಿಂದ ಗುಣಿಸಿದರೆ ಈ ಅಂಕಿ ಸಿಗುತ್ತದೆ (ಮಿಲಿಸೀವರ್ಟ್ ಎಂದರೆ ದೇಹ ಹೀರಿಕೊಳ್ಳುವ ವಿಕಿರಣದ ಪರಿಣಾಮವನ್ನು ಅಳೆಯುವ ಮಾನ, ನಿಸರ್ಗದಿಂದಲೇ ಒಬ್ಬ ವ್ಯಕ್ತಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ). ಯುರೇನಿಯಂ ಅದಿರಿನಂಥ ರಾಶಿ ಸರಕನ್ನು ಪ್ರತಿಸಲ ಅಳೆಯುವ ತೊಂದರೆ ಬೇಡವೆಂದು ನಿಯಮಾವಳಿಯು ಸಿದ್ಧ ಅಂಕಿಗಳನ್ನು ಕೊಡುತ್ತದೆ: ಅದಿರಿಗೆ ಗಂಟೆಗೆ 0.4 ಮಿಲಿಸೀವರ್ಟ್, ಯುರೇನಿಯಂನ ರಾಸಾಯನಿಕ ಸಾಂದ್ರಕಕ್ಕೆ ಗಂಟೆಗೆ 0.02. ಸಂಸ್ಕರಿಸಿದ ಯುರೇನಿಯಂಗಿಂತ ಸಂಸ್ಕರಿಸದ ಅದಿರನ್ನು ಇಪ್ಪತ್ತು ಪಟ್ಟು ಪ್ರಖರವೆಂದು ನಿಯಮ ಎಣಿಸುವುದಕ್ಕೆ ಕಾರಣ ರೇಡಿಯಂ ಮತ್ತು ಅದರ ಸಂತಾನ. ಸಂಸ್ಕರಣೆಯಲ್ಲಿ ಬೇರ್ಪಟ್ಟ ಈ ಪಾಲು ಹೋಗಿ ಸೇರುವುದು ಕೆಸರಿನ ಕೊಳವನ್ನೇ.

ನಿಯಮಾವಳಿಯ ಮೂಲತತ್ವ ಸರಳವಾದುದು, ಮೆಚ್ಚಬೇಕಾದುದು: ಸರಕು ಎಷ್ಟು ಅಪಾಯಕಾರಿಯೋ ಅದರ ಹೊದಿಕೆ ಅಷ್ಟು ಗಟ್ಟಿ. ಬಳಸಿದ ಇಂಧನದಂಥ ವಸ್ತುವಿಗೆ ಬೇಕಾದ ‘ಬಿ’ ಮಾದರಿಯ ಪೊಟ್ಟಣವು ಒಂಬತ್ತು ಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿದ್ದರೂ, 800 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ ಅರ್ಧ ಗಂಟೆ ಇದ್ದರೂ ಬಾಯಿ ಬಿಡಬಾರದು. ಇದಕ್ಕೆ ಎದುರು ತುದಿಯಲ್ಲಿ ‘ಕಡಿಮೆ ನಿರ್ದಿಷ್ಟ ವಿಕಿರಣಶೀಲತೆಯ ವಸ್ತು’ ಎಂಬ ವರ್ಗವಿದೆ. ಹೆಚ್ಚು ಮಣ್ಣಿನಲ್ಲಿ ಕಡಿಮೆ ವಿಕಿರಣ ಹರಡಿಕೊಂಡಿರುವುದರಿಂದ, ಅಪಘಾತದಲ್ಲಿ ಚೆಲ್ಲಿದರೂ ಒಬ್ಬ ಮನುಷ್ಯನ ಉಸಿರಿಗೆ ಹೋಗುವ ಪ್ರಮಾಣ ಅಲ್ಪವೆಂಬ ಲೆಕ್ಕದ ಮೇಲೆ ಈ ವರ್ಗ ನಿಂತಿದೆ. ಯುರೇನಿಯಂ ಅದಿರು, ಅದರ ಸಾಂದ್ರಕ, ಸಂಸ್ಕರಣೆಯ ತ್ಯಾಜ್ಯ ಬಹುಮಟ್ಟಿಗೆ ಇದರ ಮೊದಲ ದರ್ಜೆಗೆ ಸೇರುತ್ತವೆ. ಈ ದರ್ಜೆಯ ವಸ್ತುವನ್ನು ಸಾದಾ ಕೈಗಾರಿಕಾ ಪೊಟ್ಟಣದಲ್ಲಿ, ಕೆಲವು ಷರತ್ತುಗಳೊಡನೆ ಪೊಟ್ಟಣವೇ ಇಲ್ಲದೆಯೂ ಒಯ್ಯಬಹುದು. ಹಾಗೆ ಒಯ್ಯುವಾಗ ವಾಹನದಿಂದ ಏನೂ ಸೋರಬಾರದೆಂಬ ಷರತ್ತಿದ್ದರೂ, ನೈಸರ್ಗಿಕ ವಿಕಿರಣಶೀಲತೆಯಷ್ಟೇ ಇರುವ ಅದಿರಿಗೆ ಆ ಷರತ್ತಿನಿಂದಲೂ ವಿನಾಯಿತಿಯಿದೆ.

ಈ ದರ್ಜೆಗಿಂತಲೂ ಕೆಳಗೆ ಒಂದು ಗೆರೆಯಿದ್ದು, ಅದರಾಚೆಗೆ ನಿಯಮಾವಳಿಯೇ ಅನ್ವಯಿಸುವುದಿಲ್ಲ. ತನ್ನ ಸಂತಾನದೊಡನೆ ಸಮತೋಲದಲ್ಲಿರುವ ನೈಸರ್ಗಿಕ ಯುರೇನಿಯಂಗೆ ವಿನಾಯಿತಿಯ ಮಿತಿ ಗ್ರಾಮಿಗೆ 1 ಬೆಕೆರೆಲ್, ಅಂದರೆ ಪ್ರತಿ ಗ್ರಾಮಿನಲ್ಲಿ ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸುವಷ್ಟು. ನೈಸರ್ಗಿಕ ವಸ್ತು ಮತ್ತು ಅದಿರುಗಳಿಗೆ, ಅವು ಸಂಸ್ಕರಣೆಗೊಂಡಿದ್ದರೂ ಸಹ, ಈ ಮಿತಿಯನ್ನು ಹತ್ತು ಪಟ್ಟು ಸಡಿಲಿಸಲಾಗಿದೆ. ಒಂದು ಗ್ರಾಂ ಯುರೇನಿಯಂ-238ರಲ್ಲಿ ಸುಮಾರು 12,400 ಬೆಕೆರೆಲ್ ಇರುವುದರಿಂದ, ಅದಿರಿನಲ್ಲಿ ಯುರೇನಿಯಂ ಶೇ. 0.08ಕ್ಕಿಂತ ಕಡಿಮೆಯಿದ್ದರೆ ಅದು ಹತ್ತರ ಗೆರೆಯ ಕೆಳಗೆ ಬೀಳುತ್ತದೆ. ಜಾರ್ಖಂಡಿನ ಜಾದೂಗುಡ ಪ್ರದೇಶದ ಅದಿರು ಶೇ. 0.06ರ ಆಸುಪಾಸಿನದು, ಲೆಕ್ಕ ಹಾಕಿದರೆ ಗ್ರಾಮಿಗೆ ಸುಮಾರು 7 ಬೆಕೆರೆಲ್. ಅದರ ಕೆಸರಿನಲ್ಲಿರುವ ಥೋರಿಯಂ ಮತ್ತು ರೇಡಿಯಂಗಳನ್ನು ಅವುಗಳ ಪ್ರತ್ಯೇಕ ಮಿತಿಗಳೊಡನೆ ಕೂಡಿಸಿ ನೋಡಿದರೂ ಅಂತರರಾಷ್ಟ್ರೀಯ ಗೆರೆಯನ್ನು ಅದು ದಾಟುವುದಿಲ್ಲ. ಬಡ ಅದಿರಿನ ದೇಶದಲ್ಲಿ ಒಂದು ಕಿಲೋ ಯುರೇನಿಯಂಗೆ ಹೆಚ್ಚು ಅದಿರು ಅಗೆಯಬೇಕು, ಹೆಚ್ಚು ಕೆಸರು ಉಳಿಯುತ್ತದೆ. ಆದರೆ ಗ್ರಾಮಿನ ಲೆಕ್ಕ ಹಿಡಿದ ನಿಯಮಕ್ಕೆ ಆ ಹೆಚ್ಚಿನ ರಾಶಿ ಕಾಣುವುದೇ ಇಲ್ಲ. ಒಂದು ಪೊಟ್ಟಣದ ಪಯಣಕ್ಕೆ ಗ್ರಾಮಿನ ಲೆಕ್ಕ ಸರಿಯಾದುದೇ. ವರ್ಷಗಟ್ಟಲೆ ಒಂದೇ ದಾರಿಯಲ್ಲಿ ಹರಿಯುವ ಲಕ್ಷಾಂತರ ಟನ್ನಿಗೆ ಅದು ಸಾಲದು.

ಗೆರೆ ದಾಟಿದ ಸರಕಿಗೂ ನಿಯಮದ ಕೈಗೆಟುಕದ ಇನ್ನೊಂದು ಬಾಗಿಲಿದೆ. ‘ವಾಹನ’ ಎಂಬುದನ್ನು ನಿಯಮಾವಳಿಯು ರಸ್ತೆ ಮತ್ತು ರೈಲಿನ ಗಾಡಿ, ಹಡಗು, ವಿಮಾನ ಎಂದು ನಿರ್ವಚಿಸುತ್ತದೆ. ಅದರಲ್ಲಿ ಕೊಳವೆ ಇಲ್ಲ. ಸಾರ್ವಜನಿಕ ರಸ್ತೆಯನ್ನಾಗಲಿ ರೈಲುದಾರಿಯನ್ನಾಗಲಿ ಬಳಸದೆ, ಬೇರೆ ಸುರಕ್ಷತಾ ನಿಯಮಕ್ಕೆ ಒಳಪಟ್ಟ ಆವರಣದೊಳಗೆ ನಡೆಯುವ ಚಲನೆಯನ್ನೂ ಅದು ಕೈಬಿಡುತ್ತದೆ. ಭಾರತದಲ್ಲಿ 1962ರ ಪರಮಾಣು ಶಕ್ತಿ ಕಾಯ್ದೆಯಡಿ 1983ರ ನವೆಂಬರ್ 15ರಂದು ರಚನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಸಾಗಣೆ ಸಂಹಿತೆ ಇದೇ ಅಂತರರಾಷ್ಟ್ರೀಯ ಚೌಕಟ್ಟನ್ನು ಅನುಸರಿಸುತ್ತದೆ. ಸಂಸ್ಕರಣಾ ಘಟಕದಿಂದ ಕೊಳಕ್ಕೆ ಕೆಸರು ಹೋಗುವುದು ನೀರಿನೊಡನೆ, ಕೊಳವೆಯಲ್ಲಿ. ಅದನ್ನು ನೋಡಿಕೊಳ್ಳುವುದು ಘಟಕದ ಪರವಾನಗಿಯ ಷರತ್ತುಗಳು. ಚೀಟಿ, ಸಾಗಣೆ ಸೂಚ್ಯಂಕ, ಚಾಲಕನ ಕೈಗೆ ಕೊಡುವ ತುರ್ತು ಸೂಚನೆಯ ಹಾಳೆ ಯಾವುದೂ ಅಲ್ಲಿಲ್ಲ. 2006ರ ಡಿಸೆಂಬರ್ 24ರಂದು ಜಾದೂಗುಡದ ಬಳಿ ಇಂಥ ಕೊಳವೆಯೊಂದು ಒಡೆದು, ಕೆಸರು ಗಂಟೆಗಟ್ಟಲೆ ಹಳ್ಳಕ್ಕೆ ಹರಿಯಿತು. ಸಾಗಣೆ ಸಂಹಿತೆಯ ಮಾತಿನಲ್ಲಿ ಅಂದು ಯಾವ ‘ಸಾಗಣೆ’ಯೂ ನಡೆದಿರಲಿಲ್ಲ, ಹಳ್ಳದ ದಂಡೆಯಲ್ಲಿ ಬದುಕುವ ಆದಿವಾಸಿ ಕುಟುಂಬಗಳ ಮಟ್ಟಿಗೆ ವಿಕಿರಣಶೀಲ ವಸ್ತು ಮನೆಬಾಗಿಲಿಗೇ ಬಂದಿತ್ತು.

ಇದೇ ಬಗೆಯ ಕೆಸರು ಗಾಡಿ ಏರಿದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಯೂಟಾ ರಾಜ್ಯದ ಮೋಆಬ್ ಒಳ್ಳೆಯ ನಿದರ್ಶನ. ಕೊಲರಾಡೊ ನದಿಯ ದಂಡೆಯಲ್ಲೇ 1956ರಿಂದ 1984ರವರೆಗೆ ನಡೆದ ಅಲ್ಲಿನ ಸಂಸ್ಕರಣಾ ಘಟಕವು ಸುಮಾರು 1.6 ಕೋಟಿ ಟನ್ ಕೆಸರಿನ ದಿಬ್ಬವನ್ನು ಬಿಟ್ಟುಹೋಯಿತು. ಕಾರ್ಖಾನೆ ನಡೆಯುತ್ತಿದ್ದಷ್ಟು ಕಾಲ ಆ ಕೆಸರು ಆವರಣದೊಳಗಿನ ಚಲನೆ. ದಿಬ್ಬದಡಿಯಿಂದ ಅಮೋನಿಯಾ ಮತ್ತು ಯುರೇನಿಯಂ ನದಿಯ ಕಡೆಗೆ ಜಿನುಗುತ್ತಿದ್ದುದನ್ನು ಯಾವ ಸಾಗಣೆ ನಿಯಮವೂ ಕೇಳಲಿಲ್ಲ. ಒಡೆತನದ ಕಂಪನಿ 1998ರಲ್ಲಿ ದಿವಾಳಿಯಾಗಿ, ಹೊಣೆ ಸರಕಾರದ ಇಂಧನ ಇಲಾಖೆಯ ಹೆಗಲೇರಿ, ದಿಬ್ಬವನ್ನೇ ಎತ್ತಿ ಐವತ್ತು ಕಿಲೋಮೀಟರ್‌ನಷ್ಟು ಉತ್ತರದ ಕ್ರೆಸೆಂಟ್ ಜಂಕ್ಷನ್ನಿಗೆ ಒಯ್ಯುವ ತೀರ್ಮಾನ 2005ರಲ್ಲಿ ಆಯಿತು. 2009ರ ಏಪ್ರಿಲ್‌ನಲ್ಲಿ ರೈಲು ಹೊರಟಿತು. ಕೆಸರನ್ನು ಮೊದಲು ಒಣಗಿಸಿ ಹದಕ್ಕೆ ತಂದು, ಮುಚ್ಚಳವಿರುವ ಉಕ್ಕಿನ ಕಂಟೇನರಿಗೆ ತುಂಬಿ, ಹೊರಮೈಯನ್ನು ಸ್ವಚ್ಛಗೊಳಿಸಿ, ಮಾಪಕ ಹಿಡಿದು ತಪಾಸಣೆ ಮಾಡಿದ ಮೇಲಷ್ಟೇ ಅದು ಕಲುಷಿತ ವಲಯದ ಗಡಿ ದಾಟಬೇಕಿತ್ತು. ಹೊರಮೈಗೆ ಅಂಟಿದ ಧೂಳಿನಲ್ಲಿಯೂ ಚದರ ಸೆಂಟಿಮೀಟರಿಗೆ ಇಷ್ಟೇ ಬೆಕೆರೆಲ್ ಇರಬಹುದೆಂಬ ಮಿತಿಯನ್ನು ಸಾಗಣೆ ನಿಯಮ ಹೇಳುತ್ತದೆ. ದಶಕಗಳ ಕಾಲ ಗಾಳಿ ಮಳೆಗೆ ತೆರೆದುಕೊಂಡಿದ್ದ ವಸ್ತುವಿಗೆ, ಸಾರ್ವಜನಿಕ ಹಳಿಯ ಮೇಲೆ ಒಂದೆರಡು ಗಂಟೆ ಚಲಿಸುವ ಹೊತ್ತಿಗೆ, ಅಂಚು ಒರೆಸಿದ ಮುಚ್ಚಳ ಬಂದಿತು. ಕೆಸರು ಬದಲಾಗಿರಲಿಲ್ಲ, ಅದು ಇದ್ದ ಜಾಗದ ಹೆಸರು ಬದಲಾಗಿತ್ತು. ಇನ್ನೊಂದು ಅಂಶವೂ ಗಮನಾರ್ಹ: ಅಮೆರಿಕದ 1978ರ ಟೇಲಿಂಗ್ಸ್ ಕಾಯ್ದೆಯಡಿ ಬಂದ ಮಾನದಂಡವು ಕೆಸರನ್ನು ಹೂಳುವ ನೆಲೆ ಸಾಧ್ಯವಾದಷ್ಟು ಮಟ್ಟಿಗೆ 1,000 ವರ್ಷ, ಹೇಗಿದ್ದರೂ 200 ವರ್ಷ ತಾಳಬೇಕೆಂದು ಕೇಳುತ್ತದೆ. ಅಲ್ಲಿ ವಿಲೇವಾರಿಯ ನಿಯಮ ಸಾವಿರ ವರ್ಷವನ್ನು ಎಣಿಸುತ್ತದೆ, ಸಾಗಣೆಯ ನಿಯಮ ಗಂಟೆಗಳನ್ನು. ಇವೆರಡರ ನಡುವಿನ ಕೊಳವೆಯ ಕಾಲವನ್ನು ಎಣಿಸುವವರು ಕಡಿಮೆ.

ಕರ್ನಾಟಕಕ್ಕೆ ಈ ಚರ್ಚೆ ದೂರದ್ದಲ್ಲ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯ ಬಳಿ, ಭೀಮಾ ಕಣಿವೆಯ ಶಿಲೆಗಳಲ್ಲಿ ಪತ್ತೆಯಾದ ಯುರೇನಿಯಂ ನಿಕ್ಷೇಪ ಜಾದೂಗುಡದ್ದಕ್ಕಿಂತ ಸಾಕಷ್ಟು ಸಮೃದ್ಧವಾದುದು. ಅದರ ಸರಾಸರಿ ಪ್ರಮಾಣ ಶೇ. 0.1ನ್ನು ಮೀರುತ್ತದೆ. ಮೇಲಿನ ಲೆಕ್ಕವನ್ನೇ ಹಿಡಿದರೆ ಗೋಗಿಯ ಅದಿರು ಹತ್ತರ ಗೆರೆಯನ್ನು ದಾಟುತ್ತದೆ. ಆದ್ದರಿಂದ ಅಲ್ಲಿಂದ ಲಾರಿಯಲ್ಲಿ ಹೊರಡುವ ಅದಿರಿಗೆ ಏಳನೆಯ ವರ್ಗದ, ಅಂದರೆ ವಿಕಿರಣಶೀಲ ವರ್ಗದ, ಅಪಾಯಕಾರಿ ಸರಕಿನ ಫಲಕ, ಸಾಗಣೆ ದಾಖಲೆ, ತರಬೇತಿ ಪಡೆದ ಚಾಲಕ ಬೇಕಾಗುತ್ತವೆ. ಅದೇ ಅದಿರಿನ ಕೆಸರು ಹೊಲಗಳ ನಡುವೆ ಕೊಳವೆಯಲ್ಲಿ ಹೊರಟರೆ ಇವುಗಳಲ್ಲಿ ಯಾವುದೂ ಬೇಕಾಗುವುದಿಲ್ಲ. ಜೋಳ ತೊಗರಿ ಬೆಳೆಯುವ, ಅಂತರ್ಜಲವನ್ನೇ ನೆಚ್ಚಿದ ಊರುಗಳಲ್ಲಿ ಈ ತಾರತಮ್ಯವನ್ನು ತಾಂತ್ರಿಕ ಸೂಕ್ಷ್ಮವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ತಿದ್ದುಪಡಿ ಕಷ್ಟದ ಕೆಲಸವೇನಲ್ಲ. ಆವರಣದ ಬೇಲಿಯಾಚೆ ಹೋಗುವ ಕೆಸರಿನ ಕೊಳವೆಯನ್ನು ಸಾಗಣೆಯ ಸಾಧನವೆಂದು ಪರಿಗಣಿಸಿ, ಹಳ್ಳ ರಸ್ತೆಗಳನ್ನು ದಾಟುವಲ್ಲಿ ಜೋಡಿ ಗೋಡೆಯ ಕೊಳವೆ, ಒತ್ತಡ ಕುಸಿದೊಡನೆ ತಾನೇ ಮುಚ್ಚಿಕೊಳ್ಳುವ ಕವಾಟ, ಮತ್ತು ದಾರಿಯ ಪ್ರತಿ ಗ್ರಾಮ ಪಂಚಾಯಿತಿಗೂ ಕನ್ನಡದಲ್ಲಿ ಬರೆದ ತುರ್ತು ಸೂಚನೆಯ ಹಾಳೆಯನ್ನು ಕಡ್ಡಾಯ ಮಾಡಿದರೆ, ಲಾರಿ ಚಾಲಕನಿಗೆ ಸಿಗುವಷ್ಟು ತಿಳಿವಳಿಕೆ ಹಳ್ಳದ ದಂಡೆಯ ರೈತನಿಗೂ ಸಿಗುತ್ತದೆ. ವಿನಾಯಿತಿಯ ಗೆರೆಯನ್ನು ಗ್ರಾಮಿನಲ್ಲಷ್ಟೇ ಎಳೆಯದೆ ವರ್ಷಕ್ಕೆ ಸಾಗುವ ಒಟ್ಟು ಪ್ರಮಾಣದಲ್ಲಿಯೂ ಎಳೆಯಬೇಕು. ಗೋಗಿಯ ನಿಕ್ಷೇಪ ಇನ್ನೂ ನೆಲದಡಿಯಲ್ಲಿದೆ. ಅದನ್ನು ಎತ್ತುವ ಮುನ್ನವೇ ಈ ನಿಯಮಗಳು ಬರೆಯಲ್ಪಡಬೇಕು.