ಕೂಸಿನ ಮೈಗೆ ಹಳೆಯ ಸೀರೆ

ಸಿಂಧನೂರು ತಾಲ್ಲೂಕಿನ ಸಾಲಗುಂದದಂಥ ಊರುಗಳಲ್ಲಿ ಕುಬಸದ ಕಾರ್ಯ ಮುಗಿದು ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳೆಂದರೆ, ಮನೆಯ ಹಿರಿಯ ಹೆಂಗಸರ ಕೈ ಟ್ರಂಕಿನ ತಳಕ್ಕೆ ಹೋಗುತ್ತದೆ. ಅವರು ಹುಡುಕುವುದು ಒಡವೆಯನ್ನಲ್ಲ, ಹಳೆಯ ಅರಿವೆಯನ್ನು. ಉಟ್ಟು ಉಟ್ಟು, ಒಗೆದು ಒಗೆದು ಬಣ್ಣಗೆಟ್ಟ ನೂಲಿನ ಸೀರೆ, ಅಜ್ಜನ ಸವೆದ ಧೋತರ, ಅಂಚು ಹರಿದ ಪಂಜೆ. ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ತಾಗಿಸಬಾರದು ಎಂಬುದು ಅಲ್ಲಿನ ರೂಢಿ. ಬಾಳಿ ಬದುಕಿದವರು ಉಟ್ಟ ಬಟ್ಟೆಯಿಂದ ಕೂಸಿಗೂ ಆಯುಷ್ಯ ಬರುತ್ತದೆ ಎಂದು ನಂಬುವವರೂ ಇದ್ದಾರೆ.

ಈಗ ಅದೇ ಮನೆಗಳಿಗೆ ಇನ್ನೊಂದು ವಸ್ತು ಬಂದಿದೆ. ಮೆತ್ತನೆಯ ಹತ್ತಿಯಂತೆ ಕಾಣುವ, ಮುಂಭಾಗದಲ್ಲಿ ಜಿಪ್ ಇರುವ, ಕರಡಿಮರಿಯ ಚಿತ್ರ ಹೊತ್ತ ಮಗುವಿನ ಮಲಗುವ ಚೀಲ. ಪಟ್ಟಣದ ಅಂಗಡಿಯಲ್ಲೂ ಸಿಗುತ್ತದೆ, ಫೋನಿನಲ್ಲಿ ಹೇಳಿದರೆ ಮನೆ ಬಾಗಿಲಿಗೂ ಬರುತ್ತದೆ. ಅಜ್ಜಿಗೆ ಹಳೆಯ ಸೀರೆಯ ಮೇಲೆ ನಂಬಿಕೆ, ತಾಯಿಗೆ ಚೀಲದ ಮೇಲೆ ಆಸೆ. ಇದನ್ನು ಹಳತು ಹೊಸತುಗಳ ಜಗಳವೆಂದು ತಳ್ಳಿಹಾಕುವುದು ಸುಲಭ. ಆದರೆ ಕೂಸಿನ ಹೊದಿಕೆಯ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಜಗಳ ಇರುವುದು ಆಕಾರದ್ದಲ್ಲ, ನೂಲಿನದು ಎಂಬುದು ಕಾಣುತ್ತದೆ.

ಹಳೆಯ ಬಟ್ಟೆಯ ರೂಢಿಯ ಹಿಂದೆ ಬಡತನ ಮಾತ್ರವೇ ಇರಲಿಲ್ಲ. ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಬಣ್ಣ ಬಿಡುತ್ತದೆ, ನೂಲು ಬಿರುಸಾಗಿರುತ್ತದೆ. ನೂರಾರು ಸಲ ಒಗೆದ ಬಟ್ಟೆಯಲ್ಲಿ ಇವೆಲ್ಲ ಹೋಗಿ ನೂಲು ಸಡಿಲಗೊಂಡಿರುತ್ತದೆ. ಅದು ಬೆವರನ್ನೂ ಉಚ್ಚೆಯನ್ನೂ ಹೀರಿಕೊಳ್ಳುತ್ತದೆ, ಗಾಳಿಯಾಡಗೊಡುತ್ತದೆ. ಕುದಿಯುವ ನೀರಿನಲ್ಲಿ ಹಾಕಿದರೂ ಕೆಡುವುದಿಲ್ಲ; ರಾಯಚೂರು ಜಿಲ್ಲೆಯ ಬಿಸಿಲಿಗೆ ಹರವಿದರೆ ಬಹುಬೇಗ ಒಣಗುತ್ತದೆ. ನವಜಾತ ಶಿಶುವಿನ ತೆಳು ಚರ್ಮಕ್ಕೆ ಇದಕ್ಕಿಂತ ಹೆಚ್ಚಿನದನ್ನು ಕೇಳುವ ಕಾರಣವಿಲ್ಲ.

ಈ ಸೀಮೆಯ ಕೂಸಿಗೆ ಇದ್ದದ್ದು ಒಂದೇ ಹೊದಿಕೆಯಲ್ಲ. ಮೈಗೆ ಸುತ್ತಲು ಹಳೆಯ ಸೀರೆಯ ತುಂಡು. ತಲೆ ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ಕುಂಚಿಗೆ. ಇದು ಮಾತ್ರ ತೊಟ್ಟಿಲ ಕಾರ್ಯದ ಸಂಭ್ರಮಕ್ಕೆ ಸೇರಿದ್ದು, ಆದ್ದರಿಂದ ಗುಳೇದಗುಡ್ಡದ ಖಣದಂಥ ಹೊಸ ಬಟ್ಟೆಯಲ್ಲಿ ಹೊಲಿದು ಗೊಂಡೆ ಕಟ್ಟುವುದುಂಟು. ಮಲಗಿಸಲು ತೊಟ್ಟಿಲು, ತೊಟ್ಟಿಲಿಲ್ಲದಲ್ಲಿ ಜೋಳಿಗೆ. ಸೀರೆಯ ಎರಡು ತುದಿಗಳನ್ನು ಮನೆಯ ತೊಲೆಗೋ ಹೊಲದ ಬದುವಿನ ಬೇವಿನ ಕೊಂಬೆಗೋ ಬಿಗಿದರೆ ಜೋಳಿಗೆ ಸಿದ್ಧ. ಕೆಳಗೆ ಹಾಸಲು, ಚಳಿಗೆ ಹೊದೆಸಲು ಕೌದಿ.

ಕೌದಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಹಳೆಯ ಸೀರೆಯೊಂದನ್ನು ನೆಲಕ್ಕೆ ಹಾಸಿ, ಮೇಲೆ ತುಂಡು ಬಟ್ಟೆಗಳನ್ನು ಪದರ ಪದರವಾಗಿ ಹರವಿ, ದಬ್ಬಣಕ್ಕೆ ದಪ್ಪ ದಾರ ಪೋಣಿಸಿ ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿಯುತ್ತ ಬಂದರೆ ನಡುವಿನಲ್ಲಿ ಕೆಲಸ ಮುಗಿಯುತ್ತದೆ. ಸಾಲುಸಾಲಾದ ಆ ಹೊಲಿಗೆ ಕೇವಲ ಅಂದಕ್ಕಲ್ಲ; ಪದರಗಳು ಜರುಗದಂತೆ ಹಿಡಿಯುವುದು ಅದೇ. ಪದರಗಳ ನಡುವೆ ಸಿಕ್ಕ ಗಾಳಿಯೇ ಬೆಚ್ಚಗಿಡುವುದರಿಂದ ಎಷ್ಟು ಪದರ ಹಾಕಬೇಕೆಂಬ ತೀರ್ಮಾನ ಹೊಲಿಯುವವಳ ಕೈಯಲ್ಲಿರುತ್ತದೆ. ದೊಡ್ಡವರ ಕೌದಿ ಎತ್ತಲು ಭಾರ. ಕೂಸಿನ ಕೌದಿಗೆ ಎರಡು ಮೂರು ಪದರ ಸಾಕು. ಮನೆಯಲ್ಲಿ ಹೊಲಿಯಲು ಬಿಡುವಿಲ್ಲದವರಿಗೆ ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರೂ ಇದ್ದರು, ಅಲ್ಲಲ್ಲಿ ಈಗಲೂ ಇದ್ದಾರೆ.

ಇದು ಒಂದು ಜಿಲ್ಲೆಯ ಸ್ವತ್ತಲ್ಲ. ತೆಲುಗರಲ್ಲಿ ಇದು ಬೊಂತ, ಮರಾಠಿಗರಲ್ಲಿ ಗೋಧಡಿ, ಸಿಂಧ್ ಪ್ರಾಂತದಲ್ಲಿ ರಲ್ಲಿ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿರುವ, ಆಫ್ರಿಕ ಮೂಲದ ಸಿದ್ದಿ ಜನರ ಕೌದಿಗಳು ಹೊರದೇಶಗಳ ಪ್ರದರ್ಶನಗಳವರೆಗೂ ಹೋಗಿವೆ. ಸಿದ್ದಿ ಹೆಂಗಸರು ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ‘ಹೂವು’ ಕೂರಿಸುತ್ತಾರೆ. ಹೂವಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಎಣಿಕೆ. ಅವರಲ್ಲಿಯೂ ತೊಟ್ಟಿಲ ಕೂಸಿಗೆ ಬೇರೆಯೇ ಚಿಕ್ಕ ಕೌದಿ ಉಂಟು.

ಸಿಂಧನೂರಿನ ಮಟ್ಟಿಗೆ ಇನ್ನೊಂದು ಕುತೂಹಲದ ಸಂಗತಿಯಿದೆ. ಪೂರ್ವ ಪಾಕಿಸ್ತಾನವನ್ನು ತೊರೆದು ಬಂದ ಬಂಗಾಳಿ ನಿರಾಶ್ರಿತರಿಗೆ 1970ರ ಆಸುಪಾಸಿನಲ್ಲಿ ಈ ತಾಲ್ಲೂಕಿನಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಅವರ ನೆಲೆಗಳು ಇಂದಿಗೂ ಜನರ ಬಾಯಲ್ಲಿ ‘ಆರ್.ಎಚ್. ಕ್ಯಾಂಪು’. ಆ ಜನರ ಮೂಲನಾಡಿನಲ್ಲಿ ಹಳೆಯ ಸೀರೆಗಳನ್ನು ಪದರವಾಗಿಟ್ಟು ಹೊಲಿದ ಕಾಂಥಾದಲ್ಲಿ ಕೂಸನ್ನು ಸುತ್ತುವುದು ಮನೆಮನೆಯ ಪದ್ಧತಿ. ಕವಿ ಜಸೀಮುದ್ದೀನ್ 1929ರಲ್ಲಿ ತನ್ನ ಕಥನಕಾವ್ಯಕ್ಕೆ ಕಾಂಥಾದ ಹೆಸರನ್ನೇ ಇಟ್ಟದ್ದು ಆ ಹೊದಿಕೆಗೆ ಅಲ್ಲಿದ್ದ ಸ್ಥಾನವನ್ನು ತೋರಿಸುತ್ತದೆ. ಕಂಥೆ ಎಂದರೆ ಚಿಂದಿಯ ಹೊದಿಕೆ ಎಂಬ ಅರ್ಥ ಸಂಸ್ಕೃತದಲ್ಲೂ ಹಳೆಯದು. ಜೋಗಿಗಳ ತೇಪೆ ಅಂಗಿಗೆ ಕನ್ನಡದಲ್ಲೂ ಅದೇ ಹೆಸರು. ಭಾಷೆ, ಊಟ, ದೇವರ ಹೆಸರು ಎಲ್ಲ ಬೇರೆಯಾದರೂ ಸಿಂಧನೂರಿನ ಕೌದಿಗೂ ಬಂಗಾಳದ ಕಾಂಥಾಕ್ಕೂ ಕಚ್ಚಾ ಸಾಮಗ್ರಿ ಒಂದೇ: ಉಟ್ಟು ಸವೆದ ಹತ್ತಿ ಸೀರೆ.

ಆ ಸಾಮಗ್ರಿಗೇ ಕುತ್ತು ಬಂದದ್ದು ಮುಂದಿನ ಕಥೆ. ರಾಯಚೂರು ಸೀಮೆಯ ಎರೆಭೂಮಿ ಜೋಳ ಮತ್ತು ಹತ್ತಿಯ ನೆಲ. ಲಿಂಗಸುಗೂರು, ಮಸ್ಕಿಯಿಂದ ಪಶ್ಚಿಮಕ್ಕೆ ಹೋದರೆ ಇಳಕಲ್ಲು ದೂರವಲ್ಲ. ಅಲ್ಲಿನ ಮಗ್ಗದ ಸೀರೆ ಈ ಭಾಗದ ಹೆಂಗಸರ ದಿನಬಳಕೆಯ ಉಡುಗೆಯಾಗಿತ್ತು. ಸೆರಗಿನಲ್ಲಿ ರೇಷ್ಮೆ ಇದ್ದರೂ ಸಾಮಾನ್ಯರು ಉಡುವ ಸೀರೆಯ ಒಡಲು ಹತ್ತಿಯದು. ಸೆರಗು ಹರಿದ ಮೇಲೂ ಒಡಲು ಬಾಳುತ್ತಿತ್ತು. ಮೊದಲು ಕೂಸಿನ ಅರಿವೆ, ಆಮೇಲೆ ಕೌದಿಯ ಪದರ, ಕೊನೆಗೆ ಒಲೆಯ ಮುಂದಿನ ಮಸಿಬಟ್ಟೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಹೊಲಗಳಲ್ಲಿ ಭತ್ತ ಬಂತು, ಕೂಲಿ ಬಂತು, ಕೈಯಲ್ಲಿ ರೊಕ್ಕ ಆಡತೊಡಗಿತು. ಬೆಳೆ ಬದಲಾದದ್ದರಿಂದಲೇ ಉಡುಗೆ ಬದಲಾಯಿತೆಂದು ಹೇಳಲಾಗದು. ಆದರೆ ಎರಡೂ ಬದಲಾವಣೆ ಒಂದೇ ತಲೆಮಾರಿನ ಕಣ್ಣೆದುರು ನಡೆದವು. ಟೆರಿಕಾಟ್ ಅಂಗಿ ಗಂಡಸರ ಮೈ ಏರಿತು, ಹಿಂದೆಯೇ ಪಾಲಿಯೆಸ್ಟರ್ ಸೀರೆ ಬಂತು. 1985ರ ರಾಷ್ಟ್ರೀಯ ಜವಳಿ ನೀತಿ ಕೃತಕ ನೂಲಿಗೆ ಬಾಗಿಲು ಅಗಲಿಸಿದ ಮೇಲೆ ಸೂರತ್ತಿನ ಸೀರೆಗಳು ಸಂತೆ ಸಂತೆಗೂ ತಲುಪಿದವು. ಬೆಲೆ ಕಡಿಮೆ, ಬಣ್ಣ ಗಟ್ಟಿ, ಇಸ್ತ್ರಿ ಬೇಡ, ಒಗೆದರೆ ಗಳಿಗೆಯಲ್ಲಿ ಒಣಗುತ್ತದೆ. ಹೊಲದಲ್ಲಿ ದುಡಿಯುವ ಹೆಂಗಸು ಅದನ್ನು ಆರಿಸಿಕೊಂಡದ್ದರಲ್ಲಿ ತಪ್ಪು ಹುಡುಕುವ ಹಕ್ಕು ಯಾರಿಗೂ ಇಲ್ಲ.

ಆದರೆ ಪಾಲಿಯೆಸ್ಟರ್ ಸೀರೆ ಹಳತಾದರೆ ಹತ್ತಿಯಾಗುವುದಿಲ್ಲ. ಇಪ್ಪತ್ತು ವರ್ಷ ಒಗೆದರೂ ಅದು ಬೆವರು ಹೀರದು. ರೂಢಿ ಮಾತ್ರ ಮೊದಲಿನಂತೆಯೇ ನಡೆಯಿತು: ಅಜ್ಜಿ ಹಳೆಯ ಸೀರೆ ತೆಗೆದಳು, ಕೂಸಿಗೆ ಸುತ್ತಿದಳು, ಸೀರೆಯ ಜಾತಿ ಬದಲಾದದ್ದು ಲೆಕ್ಕಕ್ಕೆ ಬರಲಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಇಡೀ ಹಗಲು ಕಾದು ರಾತ್ರಿ ಬಿಸಿ ಉಗುಳುವ ಸಿಮೆಂಟ್ ಛಾವಣಿಯ ಕೆಳಗೆ, ಹೀಗೆ ಸುತ್ತಿದ ಕೂಸಿನ ಮೈತುಂಬ ಬೆವರುಸಾಲೆ ಏಳುವುದರಲ್ಲಿ ಆಶ್ಚರ್ಯವಿಲ್ಲ. ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವ ಮನೆಗಳಲ್ಲಿ ಅಪಾಯ ಇನ್ನೂ ದೊಡ್ಡದು. ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕೆಂಡದ ಹೊಗೆಯಂತೂ ಯಾವ ಬಟ್ಟೆ ಸುತ್ತಿದ್ದರೂ ಕೂಸಿನ ಉಸಿರಿಗೆ ಕೇಡು.

ಬಟ್ಟೆಯಷ್ಟೇ ಮುಖ್ಯವಾದದ್ದು ಸುತ್ತುವ ರೀತಿ. ಕೂಸನ್ನು ಸುತ್ತಿ ಬಿಗಿಯುವುದು ಲೋಕದ ಬಹುಭಾಗದಲ್ಲಿದ್ದ ಪದ್ಧತಿ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಸೊರೇನಸ್ ಅದರ ಕ್ರಮವನ್ನು ವಿವರಿಸಿದ್ದಾನೆ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಅನಾಥ ಶಿಶುಗಳಿಗಾಗಿ ಕಟ್ಟಿದ ಆಶ್ರಯಧಾಮದ ಗೋಡೆಯ ಮೇಲೆ ಹದಿನೈದನೆಯ ಶತಮಾನದ ಆಂಡ್ರಿಯಾ ದೆಲ್ಲಾ ರೋಬಿಯಾ ಮಾಡಿದ, ಪಟ್ಟಿ ಸುತ್ತಿದ ಕೂಸುಗಳ ಉಬ್ಬುಶಿಲ್ಪಗಳನ್ನು ಇಂದಿಗೂ ನೋಡಬಹುದು. ಇದರ ವಿರುದ್ಧ ಇಂಗ್ಲೆಂಡಿನ ವೈದ್ಯ ವಿಲಿಯಂ ಕ್ಯಾಡೋಗನ್ 1748ರಲ್ಲಿ, ರೂಸೋ 1762ರ ‘ಎಮಿಲ್’ ಗ್ರಂಥದಲ್ಲಿ ಬರೆದರು. ಕೂಸಿನ ಕೈಕಾಲಿಗೆ ಸ್ವಾತಂತ್ರ್ಯ ಬೇಕೆಂಬುದು ಅವರ ವಾದ.

ವಾದವನ್ನು ಲೆಕ್ಕದಿಂದ ಗಟ್ಟಿ ಮಾಡಿದ್ದು ಜಪಾನ್. ಅಲ್ಲಿ ಕೂಸಿನ ಕಾಲುಗಳನ್ನು ನೇರವಾಗಿ ಚಾಚಿಸಿ ಸುತ್ತುವ ವಾಡಿಕೆಯಿತ್ತು. ಸೊಂಟದ ಕೀಲು ತಪ್ಪಿದ ಮಕ್ಕಳು ನೂರಕ್ಕೆ ಒಂದರಿಂದ ಮೂರೂವರೆಯಷ್ಟು ಸಿಗುತ್ತಿದ್ದರು. ಕಾಲು ಚಾಚಿಸಬೇಡಿ, ಮಂಡಿ ಮಡಚಿ ತೊಡೆ ಅಗಲಿಸಿಕೊಳ್ಳಲು ಬಿಡಿ ಎಂದು 1975ರ ಹೊತ್ತಿಗೆ ಅಜ್ಜಿಯಂದಿರಿಗೂ ತಾಯಂದಿರಿಗೂ ತಿಳಿಸುವ ದೊಡ್ಡ ಪ್ರಚಾರ ನಡೆಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಆ ಪ್ರಮಾಣ ಸಾವಿರಕ್ಕೆ ಎರಡಕ್ಕಿಂತ ಕೆಳಗಿಳಿಯಿತು. ಈ ವಿಷಯದಲ್ಲಿ ನಮ್ಮ ಕಡೆಯ ಕೂಸುಗಳನ್ನು ಕಾದದ್ದು ಬಹುಶಃ ತಾಯಿಯ ಸೊಂಟ. ಬಗಲಿಗೆ ಎತ್ತಿಕೊಂಡಾಗ ಕೂಸಿನ ತೊಡೆಗಳು ತಾನಾಗಿ ಅಗಲುತ್ತವೆ. ಮೂಳೆ ವೈದ್ಯರು ಬಯಸುವ ಭಂಗಿಯೂ ಅದೇ. ಕಾಲು ನೆಟ್ಟಗಾಗಲಿ ಎಂದು ಎಳೆದು ಬಿಗಿದು ಸುತ್ತುವ ಮನೆಗಳಲ್ಲಿ ಮಾತ್ರ ಆ ಕೆಲಸ ಕೆಡುತ್ತದೆ. ಜೋಳಿಗೆಗೂ ಒಂದು ಎಚ್ಚರಿಕೆ ಬೇಕು: ಎಳೆಗೂಸಿನ ಗದ್ದ ಎದೆಗೆ ಒತ್ತಿಕೊಳ್ಳುವಷ್ಟು ಅದು ಜೋತುಬಿದ್ದರೆ ಉಸಿರು ಕಟ್ಟೀತು.

ಇನ್ನು ಚೀಲದ ಕಥೆ. ಕೂಸುಗಳನ್ನು ಬೋರಲು ಮಲಗಿಸಿದರೆ ನಿದ್ದೆಯಲ್ಲಿ ಹಠಾತ್ತನೆ ಸಾಯುವ ಸಂಭವ ಹೆಚ್ಚು ಎಂಬುದು ಖಚಿತವಾದಾಗ, ಅಂಗಾತ ಮಲಗಿಸಿ ಎಂಬ ಪ್ರಚಾರ ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಆರಂಭವಾಯಿತು. ಅಂಥ ಸಾವುಗಳು ಅರ್ಧದಷ್ಟು ತಗ್ಗಿದವು. ಅದರ ಜೊತೆಗೇ ಕೂಸಿನ ಮುಖದ ಮೇಲೆ ಬೀಳಬಲ್ಲ ಸಡಿಲ ಹೊದಿಕೆ, ದಿಂಬು ಬೇಡವೆಂಬ ಸಲಹೆಯೂ ಬಂತು. ಹೊದಿಕೆ ಬೇಡ, ಚಳಿಯೂ ಆಗಬಾರದು ಎಂದಾಗ ತೋಳು ತೂರಿಸಿ ತೊಡಿಸುವ, ಮುಖದ ಮೇಲೆ ಸರಿಯದ ಚೀಲಕ್ಕೆ ಬೇಡಿಕೆ ಹುಟ್ಟಿತು. ಅದರ ಬೆಚ್ಚನೆಯನ್ನು ಅಳೆಯುವ ಮಾನ ‘ಟಾಗ್’. 1940ರ ದಶಕದಲ್ಲಿ ಮ್ಯಾಂಚೆಸ್ಟರಿನ ಶರ್ಲಿ ಸಂಸ್ಥೆ ರೂಪಿಸಿದ ಅಳತೆಯಿದು. ಕೋಣೆ 16ರಿಂದ 20 ಡಿಗ್ರಿ ಇದ್ದರೆ ಎರಡೂವರೆ ಟಾಗ್, 24 ದಾಟಿದರೆ ಅರ್ಧ ಟಾಗ್ ಎಂಬುದು ಆ ದೇಶಗಳ ಲೆಕ್ಕ. ಆ ಕೋಷ್ಟಕ ಮುಗಿಯುವಲ್ಲಿ ಸಾಲಗುಂದದ ಬೇಸಿಗೆ ಇನ್ನೂ ಆರಂಭವೇ ಆಗಿರುವುದಿಲ್ಲ. ಅಲ್ಲಿ ಏಪ್ರಿಲ್ ರಾತ್ರಿ ಕೂಸಿಗೆ ಒಂದು ತೆಳು ಅಂಗಿ ಸಾಕು. ಯಾವ ಚೀಲವೂ ಬೇಡ. ಡಿಸೆಂಬರ್, ಜನವರಿಯ ಬೆಳಗಿನ ಜಾವಕ್ಕೆ ಚೀಲ ಉಪಯೋಗಕ್ಕೆ ಬಂದೀತು. ಆಗಲೂ ಒಳಗಿನ ಅಸ್ತರಿ ಹತ್ತಿಯದೇ ಎಂದು ಚೀಟಿ ಓದಿ ನೋಡಬೇಕು, ಏಕೆಂದರೆ ಮೆತ್ತಗಿರುವುದೆಲ್ಲ ಹತ್ತಿಯಲ್ಲ. ಕೊರಳಿನ ಅಳತೆ ತಲೆ ಒಳಗೆ ಜಾರದಷ್ಟಿರಬೇಕು, ಕಾಲ ಭಾಗ ಅಗಲವಾಗಿರಬೇಕು, ತಲೆ ಮುಚ್ಚುವ ಟೊಪ್ಪಿಗೆ ಅದಕ್ಕೆ ಇರಕೂಡದು.

ಚೀಲ ಜೀವ ಉಳಿಸಿದ ಉದಾಹರಣೆಯೂ ಕರ್ನಾಟಕಕ್ಕೆ ಹತ್ತಿರದ್ದೇ. ತೂಕ ಕಡಿಮೆಯಿರುವ ಕೂಸುಗಳಿಗೆ ಸೆಖೆಗಿಂತ ಶೀತ ದೊಡ್ಡ ಶತ್ರು; ಹೊರಗೆ ಎಷ್ಟೇ ಬಿಸಿಲಿರಲಿ, ಮೈಯ ಕಾವನ್ನು ಹಿಡಿದಿಡಲು ಅವಕ್ಕೆ ಬರುವುದಿಲ್ಲ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂಡವೊಂದು, ಮೇಣದಂಥ ವಸ್ತುವಿನ ಪೊಟ್ಟಣವನ್ನು ಕಾಯಿಸಿ ಒಳಗಿಟ್ಟರೆ ಗಂಟೆಗಟ್ಟಲೆ 37 ಡಿಗ್ರಿಯ ಆಸುಪಾಸಿನಲ್ಲಿರುವ ಚೀಲವನ್ನು ರೂಪಿಸಿತು. ‘ಎಂಬ್ರೇಸ್’ ಎಂಬ ಆ ಸಾಧನವನ್ನು ಬೆಳೆಸಲು ಅವರು ನೆಲೆಯೂರಿದ್ದು ಬೆಂಗಳೂರಿನಲ್ಲಿ. ಇದೂ ಇಲ್ಲದ ಕಡೆ ತಾಯಿಯ ಎದೆಯೇ ಚೀಲ. ಬರಿಮೈಯ ಕೂಸನ್ನು ಎದೆಗೆ ಅವಚಿ ಮೇಲಿಂದ ಬಟ್ಟೆ ಸುತ್ತುವ ಕಾಂಗರೂ ಆರೈಕೆಯನ್ನು 1970ರ ದಶಕದ ಕೊನೆಯಲ್ಲಿ ಕೊಲಂಬಿಯದ ಬೊಗೋಟಾ ನಗರದ ವೈದ್ಯರು ಆರಂಭಿಸಿದರು. ಇಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಅದನ್ನು ಕಲಿಸಲಾಗುತ್ತದೆ.

ಆರೋಗ್ಯವಾಗಿ ಹುಟ್ಟಿದ ಕೂಸಿಗೆ ಇಷ್ಟೆಲ್ಲ ಬೇಡ. ಸುತ್ತುವುದಾದರೆ ಒಂದೇ ಪದರ, ಎದೆಯ ಬಳಿ ಎರಡು ಬೆರಳು ತೂರುವಷ್ಟು ಸಡಿಲ, ಸೊಂಟದ ಕೆಳಗೆ ಇನ್ನೂ ಸಡಿಲ, ಮಲಗಿಸುವುದು ಯಾವಾಗಲೂ ಅಂಗಾತ. ಕೂಸು ಮಗ್ಗುಲಾಗಲು ಹೆಣಗುವ ಸೂಚನೆ ಕಂಡ ದಿನ ಸುತ್ತುವುದನ್ನು ನಿಲ್ಲಿಸಬೇಕು. ಕೆಲವು ಕೂಸುಗಳಲ್ಲಿ ಅದು ಎರಡು ಮೂರು ತಿಂಗಳಿಗೇ ಬರುತ್ತದೆ. ಸೆಖೆಯೋ ಚಳಿಯೋ ತಿಳಿಯಲು ಅಂಗೈ ಅಂಗಾಲು ಮುಟ್ಟಿ ಪ್ರಯೋಜನವಿಲ್ಲ, ಅವು ತಣ್ಣಗಿರುವುದು ಸಹಜ. ಕುತ್ತಿಗೆಯ ಹಿಂಭಾಗ ಮುಟ್ಟಬೇಕು. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಬೇಕು. ಕೌದಿ ಕೂಸಿನ ಕೆಳಗೆ ಗಟ್ಟಿ ಹಾಸಿಗೆಯಾಗಿ ಸೊಗಸು. ಮೇಲೆ ಹೊದಿಕೆಯಾಗಿ, ಅದೂ ಮುಖದವರೆಗೆ ಎಳೆದುಕೊಳ್ಳಬಹುದಾದ ಭಾರದ ಹೊದಿಕೆಯಾಗಿ, ಒಂದು ವರ್ಷ ತುಂಬುವವರೆಗೆ ಬೇಡ. ಕುಂಚಿಗೆಯೂ ತೊಟ್ಟಿಲ ಕಾರ್ಯದ ಹೊತ್ತಿಗೆ ಚೆಂದ, ನಿದ್ದೆಯ ಹೊತ್ತಿಗೆ ಅಲ್ಲ.

ಇಷ್ಟಕ್ಕೂ ಹಳೆಯ ಹತ್ತಿ ಸೀರೆ ಮನೆಯಲ್ಲಿ ಇಲ್ಲದವರು ಏನು ಮಾಡಬೇಕು? ಬಟ್ಟೆ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಬಿಳಿ ಮಲ್ಮಲ್ ಸಿಗುತ್ತದೆ. ಏಳನೆಯ ತಿಂಗಳಲ್ಲೇ ತಂದು, ಬಿಸಿನೀರಿನಲ್ಲಿ ನೆನೆಹಾಕಿ, ಏಳೆಂಟು ಸಲ ಒಗೆದು ಬಿಸಿಲಿಗೆ ಹರವಿದರೆ ಗಂಜಿ ಬಿಟ್ಟು ಬಟ್ಟೆ ಮೆತ್ತಗಾಗುತ್ತದೆ. ಅಥವಾ ಒಂದು ನೂಲಿನ ಸೀರೆ ಕೊಂಡು ಬಸುರಿಯೇ ಹೆರಿಗೆಯವರೆಗೆ ಮನೆಯಲ್ಲಿ ಉಡಬಹುದು. ಕೂಸು ಬರುವ ಹೊತ್ತಿಗೆ ಅದು ಹಳತಾಗಿರುತ್ತದೆ.