ಈ ನಂಬರ್ ಯಾರ ಮನೀದ್ರೀ?

ಮೊನ್ನೆ ಊರಿಗೆ ಹೋದಾಗ ಅಟ್ಟದ ಮೇಲೆ ನಮ್ಮ ಮಾಮಾನ ಎಸ್‌ಟಿಡಿ ಬೂತಿನ ಹಳದಿ ಬೋರ್ಡು ಸಿಕ್ತು. ನಮ್ಮೂರು ಮೋಟೆಬೆನ್ನೂರು. ಮೈಲಾರ ಮಹದೇವಪ್ಪನವರ ಊರು ಅಂದ್ರೆ ಹಳಬರಿಗೆ ಗೊತ್ತಾಗುತ್ತೆ, ಹೈವೇಲಿ ಬ್ಯಾಡಗಿಗೆ ತಿರುಗೋ ಜಾಗ ಅಂದ್ರೆ ಉಳಿದವರಿಗೆ.

2005ರ ಹೊತ್ತಿಗೆ ನಾನಿನ್ನೂ ಎರಡನೇ ಕ್ಲಾಸು. ಮೀಟರಿನ ಕೆಂಪು ಅಂಕಿ ಓಡೋದು ನೋಡಿ ಜನ ಅರ್ಧ ಮಾತಿಗೇ ಫೋನ್ ಇಟ್ಟುಬಿಡ್ತಿದ್ರು. ನ್ಯೂಜೆರ್ಸಿಯಲ್ಲಿದ್ದ ಮಗನ ಜೊತೆ ನಮ್ಮ ದೊಡ್ಡವ್ವ ಮಾತಾಡಿದ್ದಕ್ಕಿಂತ ಅತ್ತಿದ್ದೇ ಹೆಚ್ಚು. ಅದಕ್ಕೂ ದುಡ್ಡು!

ಈಗ ನನ್ನ ಹೊಟ್ಟೆಪಾಡು ಇಂಟರ್ನೆಟ್ ಫೋನಿನ ಸಾಫ್ಟ್‌ವೇರು. ಹಾಗಾಗಿ ಆ ಕಾಲದ ಕಥೆ ಕೆದಕಿದೆ.

ನಮ್ಮ ದೇಶದಲ್ಲಿ ಇಂಟರ್ನೆಟ್ ಫೋನಿಗೆ ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್ 1ರಂದು. (ದಿನಾಂಕ ನಾನು ಆರಿಸಿದ್ದಲ್ಲ!) ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡಬಹುದು, ಕಂಪ್ಯೂಟರಿನಿಂದ ವಿದೇಶದ ಫೋನಿಗೂ ಮಾತಾಡಬಹುದು. ಭಾರತದೊಳಗಿನ ಫೋನಿಗೆ ಮಾತ್ರ ಇಲ್ಲ. ಅಂದ್ರೆ ಬೆಂಗಳೂರಿನ ಕಂಪ್ಯೂಟರಿನಿಂದ ನ್ಯೂಜೆರ್ಸಿಗೆ ಕಾಲ್ ಮಾಡಿದ್ರೆ ಸರಿ, ಮಾಮಾನ ಬೂತಿಗೆ ಮಾಡಿದ್ರೆ ತಪ್ಪು. ನಗು ಬರುತ್ತೆ ನಿಜ. ಆದ್ರೆ ಹಳ್ಳಿ ಫೋನಿನ ನಷ್ಟ ತುಂಬೋಕೆ ದೂರದ ಕಾಲ್‌ಗಳ ಗಳಿಕೆ ಬೇಕಿತ್ತು. 2003ರಿಂದ 2008ರವರೆಗೆ ಅದಕ್ಕಂತಲೇ ಬೇರೆ ಶುಲ್ಕ ಇತ್ತು. ನಮ್ಮೂರಿನ ಕಂಬ ನಿಂತಿದ್ದೂ ಇಂಥ ದುಡ್ಡಿನ ಮೇಲೇ, ಪೂರ್ತಿ ಬೈಯೋಕೂ ಆಗಲ್ಲ.

ಹೊರಗಡೆ ಇನ್ನೊಂದು ತಲೆನೋವು. ದನಿ ಸಾಗಿಸೋದು ಆಗಲೇ ಕಷ್ಟದ ಕೆಲಸ ಆಗಿರಲಿಲ್ಲ, ಕರೆ ಜೋಡಿಸೋ ‘ಸಿಪ್’ ನಿಯಮಗಳು 1999ರಲ್ಲೇ ಬಂದಿದ್ವು. ಆದ್ರೆ ಜೆಫ್ ಪುಲ್ವರ್ ಅವರ ಫ್ರೀ ವರ್ಲ್ಡ್ ಡಯಲಪ್ ಒಂದು ದ್ವೀಪ, 2003ರಲ್ಲಿ ಬಂದ ಸ್ಕೈಪ್ ಇನ್ನೊಂದು, ಆಸ್ಟರಿಸ್ಕ್ ಹಾಕ್ಕೊಂಡ ಒಂದೊಂದು ಆಫೀಸೂ ಒಂದೊಂದು ದ್ವೀಪ. ಈ ನಂಬರ್ ಯಾವ ದ್ವೀಪದಲ್ಲಿದೆ ಅಂತ ಹೇಳೋರು ಯಾರು? ಗೊತ್ತಿಲ್ಲದಿದ್ರೆ ಹಳೇ ಫೋನ್ ಕಂಪನಿಯ ದಾರೀಲೇ ಹೋಗಿ ದುಡ್ಡು ಕಟ್ಟಬೇಕು.

2000ದಲ್ಲಿ ಬಂದ ‘ಈನಮ್’ ಪ್ರಕಾರ ಎಲ್ಲ ನಂಬರಿಗೂ ಒಂದೇ ಮರದಂಥ ಪಟ್ಟಿ, ಕೊಂಬೆಗಳು ಆಯಾ ದೇಶದ ಸರ್ಕಾರದ ಕೈಲಿ. 2004ರಲ್ಲಿ ಆಸ್ಟರಿಸ್ಕ್ ಬರೆದ ಮಾರ್ಕ್ ಸ್ಪೆನ್ಸರ್ ‘ಡುಂಡಿ’ ಅಂತ ಬೇರೆ ದಾರಿ ತಂದ್ರು. ಪಟ್ಟಿನೇ ಬೇಡ, ಪಕ್ಕದವರನ್ನ ಕೇಳು! ನಮ್ಮೂರ ಬಸ್‌ಸ್ಟ್ಯಾಂಡಲ್ಲಿ ಇಳಿದು “ಇವ್ರ ಮನಿ ಎಲ್ಲೈತ್ರಿ?” ಅಂದ್ರೆ ಚಾದಂಗಡಿಯವ ತನಗೆ ಗೊತ್ತಿಲ್ಲದಿದ್ರೆ ಪಕ್ಕದವನನ್ನ ಕೇಳ್ತಾನಲ್ಲ, ಹಾಗೇ. ಪ್ರಶ್ನೆ ಎಷ್ಟು ಕೈ ದಾಟಬಹುದು ಅನ್ನೋದಕ್ಕೆ ಮಿತಿ ಇತ್ತು. ಪಿಯರ್-ಟು-ಪಿಯರ್ ಅಂದ್ರೆ ಇಷ್ಟೇ, ಸರೀಕರು ಸರೀಕರನ್ನ ಕೇಳೋದು.

ಆದ್ರೆ ಯಾರೋ ಸುಳ್ಳು ಹೇಳಿ “ಆ ನಂಬರ್ ನಂದೇ” ಅಂದ್ರೆ? ಡುಂಡಿಯಲ್ಲಿ ಇದಕ್ಕೆ ಗೂಢಲಿಪಿ ಕೀಲಿ ಇತ್ತು, ಸುಳ್ಳು ಹೇಳಲ್ಲ ಅಂತ ಒಪ್ಪಂದ ಇತ್ತು. ಒಂದೇ ಕಂಪನಿಯ ನಾಲ್ಕು ಆಫೀಸಿಗೆ ಸಾಕು, ಅಪರಿಚಿತರ ಲೋಕಕ್ಕೆ ಸಾಲದು.

ನನಗೆ ಬಹಳ ಹಿಡಿಸಿದ್ದು ಜೊನಾಥನ್ ರೋಸೆನ್‌ಬರ್ಗ್, ಕಲೆನ್ ಜೆನ್ನಿಂಗ್ಸ್ ಅವರ ‘ವೈಪರ್’. 2010ರ ಆಸುಪಾಸಿನದು. ಮೊದಲ ಸಲ ಹಳೇ ದಾರೀಲೇ ಕಾಲ್ ಮಾಡು. ಅದು ಎಷ್ಟೊತ್ತಿಗೆ ಶುರುವಾಗಿ ಎಷ್ಟೊತ್ತಿಗೆ ಮುಗೀತು ಅನ್ನೋದು ಎರಡು ತುದಿಯವರಿಗೆ ಗೊತ್ತು (ನಡುವಿನ ಫೋನ್ ಕಂಪನಿಗೂ ಅನ್ನಿ). ಆಮೇಲೆ ಸರೀಕರ ಜಾಲದಲ್ಲಿ ಒಬ್ಬರನ್ನೊಬ್ಬರು ಹುಡುಕಿ ಆ ಲೆಕ್ಕ ತಾಳೆ ನೋಡೋದು. ಕೂಡಿ ಬಂದ್ರೆ ಮುಂದಿನ ಕಾಲ್‌ಗಳೆಲ್ಲ ನೇರ ಇಂಟರ್ನೆಟ್ಟಲ್ಲಿ. ಎಂಥಾ ತಲೆ! ಸಿಸ್ಕೋ ಇದನ್ನ ಮಾರಾಟಕ್ಕೂ ತಂದಿತ್ತು, ಆದ್ರೆ ಎಲ್ಲರೂ ಒಪ್ಪಿದ ಮಾನದಂಡ ಆಗಲೇ ಇಲ್ಲ. ಸರೀಕರ ಜಾಲದ ಮಾನದಂಡ ‘ರೀಲೋಡ್’ ಬಂದಿದ್ದು 2014ರಲ್ಲಿ, ಊರೆಲ್ಲ ನಿದ್ದೆ ಹೋದ ಮೇಲೆ.

ಸ್ಕೈಪ್ ಒಳಗೆ ಪಿಯರ್-ಟು-ಪಿಯರ್, ಹೊರಗಿನವರಿಗೆ ಬಾಗಿಲು ಬಂದ್. 2010ರ ಡಿಸೆಂಬರ್ 22ರಂದು ಅದರ ಸೂಪರ್‌ನೋಡ್‌ಗಳು ಸಾಲಾಗಿ ಕುಸಿದು ಜಗತ್ತೇ ಮೂಕವಾಯ್ತು. 2012ರಲ್ಲಿ ಮೈಕ್ರೋಸಾಫ್ಟ್ ಆ ಸೂಪರ್‌ನೋಡ್‌ಗಳನ್ನ ತನ್ನ ಸರ್ವರ್‌ಗಳಿಗೇ ತಂದುಕೊಂಡಿತು, 2025ರ ಮೇ 5ಕ್ಕೆ ಅಂಗಡಿನೇ ಮುಚ್ಚಿತು. ನಮ್ಮಲ್ಲಿ ಬೇಲಿ ಸಡಿಲವಾಗಿದ್ದು 2018ರಲ್ಲಿ, ಅದೂ ಲೈಸೆನ್ಸ್ ಇದ್ದ ಫೋನ್ ಕಂಪನಿಗಳಿಗೆ. ಆ ಜುಲೈನಲ್ಲಿ ಬಿಎಸ್‌ಎನ್‌ಎಲ್ ‘ವಿಂಗ್ಸ್’ ಪ್ರಕಟಿಸಿತು. ಅಷ್ಟೊತ್ತಿಗೆ ಮಾಮಾನ ಬೂತೇ ಇರಲಿಲ್ಲ.

ದೊಡ್ಡವ್ವನ ಫೋನಲ್ಲಿ ವಾಟ್ಸಾಪ್ ಇದೆ, ನ್ಯೂಜೆರ್ಸಿಯ ಮೊಮ್ಮಗಳು ಫೇಸ್‌ಟೈಮ್ ಬಿಟ್ಟು ಬೇರೇದು ಮುಟ್ಟಲ್ಲ. ಅಪ್ಪನ ಫೋನ್ ಇಸ್ಕೊಂಡು ಮಾತಾಡ್ತಾಳೆ.

ಬೋರ್ಡು ಬೆಂಗಳೂರಿಗೆ ತಂದಿದೀನಿ. ಗೋಡೆಗೆ ಮೊಳೆ ಹೊಡೀಬಾರದು ಅಂತಾರೆ ಮನೆ ಓನರ್ರು :)