ಬೆಳಗಾವಿಯ ಗಿಲಗಂಚಿ-ಅರಟಾಳ ಹಾಯಸ್ಕೂಲಿನ ಉದಯ

ದೇವಾಲಯವನ್ನು ಕಟ್ಟುವಾಗ ಮೊದಲು ಅಧಿಷ್ಠಾನವನ್ನು ಬಲಪಡಿಸಿ, ಅನಂತರ ಭಿತ್ತಿಯನ್ನೂ ಶಿಖರವನ್ನೂ ಎತ್ತುವದು ಶಿಲ್ಪಿಗಳ ಕ್ರಮವು. ವಿದ್ಯಾಲಯದ ನಿರ್ಮಾಣಕ್ಕೂ ಇದೇ ಕ್ರಮವುಂಟು. ಅದರ ಅಧಿಷ್ಠಾನವೆಂದರೆ ಕಲಿಸುವವರ ವ್ರತವು. ಈ ಮಾತಿಗೆ ಬೆಳಗಾವಿಯ ಗಿಲಗಂಚಿ-ಅರಟಾಳ ಹಾಯಸ್ಕೂಲಿನ ಚರಿತ್ರೆಯು ಉತ್ತಮ ನಿದರ್ಶನವಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಇಲಾಖೆಗೆ ಸೇರಿದ್ದ ಕನ್ನಡ ಜಿಲ್ಲೆಗಳ ಲಿಂಗವಂತರಲ್ಲಿ ಒಕ್ಕಲಿಗರೂ ವ್ಯಾಪಾರಿಗಳೂ ಬಹುಮಂದಿ ಇದ್ದರು. ಹಳ್ಳಿಯ ಐಗಳ ಮಠದಲ್ಲಿ ಓದು, ಬರಹ, ಲೆಕ್ಕಗಳನ್ನು ಕಲಿತರೆ ಅವರ ಬಾಳಿಗೆ ಸಾಕಾಗುತ್ತಿದ್ದಿತು. ಆದರೆ ಕಾಲವು ಬದಲಾಯಿತು. 1854ನೆಯ ಇಸ್ವಿಯ ವುಡ್ ಸಾಹೇಬರ ಶಿಕ್ಷಣಪತ್ರದಿಂದ ಖಾಸಗಿ ಶಾಲೆಗಳಿಗೆ ಸರಕಾರದ ಸಹಾಯಧನ ದೊರೆಯುವ ಮಾರ್ಗವು ತೆರೆಯಿತು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಅಂದಿನಿಂದ ಕಚೇರಿಯ ಅಧಿಕಾರಕ್ಕಾಗಲಿ, ವಕೀಲಿಗಾಗಲಿ, ವೈದ್ಯಕ್ಕಾಗಲಿ ಮ್ಯಾಟ್ರಿಕ್ ಪರೀಕ್ಷೆಯೇ ಹೆಬ್ಬಾಗಿಲಾಯಿತು. ಆ ಬಾಗಿಲಿನವರೆಗೆ ಒಕ್ಕಲಿಗನ ಮಗನು ಹೋಗುವದು ಸುಲಭವಾಗಿರಲಿಲ್ಲ. ಈ ಸೀಮೆಯ ಶಾಲೆಗಳಲ್ಲಿ ಬಹುಕಾಲ ಮರಾಠಿಯೇ ಪ್ರಬಲವಾಗಿದ್ದಿತು. ಡೆಪ್ಯುಟಿ ಚನ್ನಬಸಪ್ಪನವರಂಥ ಮಹನೀಯರ ಪರಿಶ್ರಮದಿಂದ ಕನ್ನಡ ಶಾಲೆಗಳು ನೆಲೆಗೊಂಡವು. ಇನ್ನು ಮ್ಯಾಟ್ರಿಕ್ಕಿನಾಚೆಗೆ ಓದಬೇಕಾದವರಿಗೆ, 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ, ಪುಣೆ-ಮುಂಬಯಿಗಳೇ ಗತಿಯಾಗಿದ್ದವು.

ಸಮಾಜದ ಹಿರಿಯರು ಈ ಕೊರತೆಯನ್ನರಿತು ಸುಮ್ಮನಿರಲಿಲ್ಲ. ಬಡ ವಿದ್ಯಾರ್ಥಿಗಳ ನೆರವಿಗಾಗಿ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿತು. 1904ರಲ್ಲಿ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರ ಪ್ರೇರಣೆಯಿಂದ ಅಖಿಲ ಭಾರತ ವೀರಶೈವ ಮಹಾಸಭೆಯು ಅದೇ ಧಾರವಾಡದಲ್ಲಿ ಸಮಾವೇಶಗೊಂಡಿತು. ಅದರ ಅಧ್ಯಕ್ಷರಾಗಿದ್ದ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗಾಗಿ ಮೀಸಲಿರಿಸಿದರು. ಹೀಗೆ ದ್ರವ್ಯಕ್ಕೆ ದಾತೃಗಳಿದ್ದರು. ಆದರೆ ತಮ್ಮ ಆಯುಷ್ಯವನ್ನೇ ಕೊಡುವ ಶಿಕ್ಷಕರು ದೊರೆಯದೆ ಶಾಲೆಯು ನಡೆಯುವದೆಂತು?

ಈ ಪ್ರಶ್ನೆಗೆ ಉತ್ತರವಾಗಿ ಬಂದವರು ಏಳು ಮಂದಿ ತರುಣರು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಬಿ. ಬಿ. ಮಮದಾಪುರ, ಬಿ. ಎಸ್. ಹಂಚಿನಾಳ, ಪಿ. ಆರ್. ಚಿಕ್ಕೋಡಿ, ಎಚ್. ಎಫ್. ಕಟ್ಟೀಮನಿ, ವಿ. ವಿ. ಪಾಟೀಲ ಎಂಬ ಈ ಮಹನೀಯರನ್ನು ಕನ್ನಡನಾಡು ಸಪ್ತರ್ಷಿಗಳೆಂದು ಇಂದಿಗೂ ಸ್ಮರಿಸುತ್ತದೆ. ಪುಣೆಯಲ್ಲಿ 1884ರಲ್ಲಿ ಸ್ಥಾಪಿತವಾದ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯ ಆದರ್ಶವು ಅವರ ಕಣ್ಣ ಮುಂದಿದ್ದಿತು. ಅಲ್ಲಿಯ ಆಜೀವ ಸದಸ್ಯರು ಅಲ್ಪವೇತನದಿಂದ ತೃಪ್ತರಾಗಿ 20 ವರ್ಷ ಸೇವೆ ಸಲ್ಲಿಸುವೆವೆಂದು ಪ್ರತಿಜ್ಞೆ ಮಾಡುತ್ತಿದ್ದರು. ಅಂಥ ತ್ಯಾಗವನ್ನೇ ಬಂಡವಾಳವಾಗಿಟ್ಟುಕೊಂಡು 1916ನೆಯ ಇಸ್ವಿ ನವಂಬರ 13ರಂದು ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯು ಬೆಳಗಾವಿಯಲ್ಲಿ ಜನಿಸಿತು. ಪದವೀಧರರು ವಿರಳವಾಗಿದ್ದ ಆ ದಿನಗಳಲ್ಲಿ ಸರಕಾರದ ದೊಡ್ಡ ಹುದ್ದೆಗಳು ಇಂಥ ತರುಣರಿಗೆ ದುರ್ಲಭವಾಗಿರಲಿಲ್ಲವೆಂಬುದನ್ನು ನೆನೆದರೆ ಈ ತ್ಯಾಗದ ತೂಕವು ತಿಳಿಯುವದು.

ಹಾಯಸ್ಕೂಲೆಂಬುದು ಒಂದೇ ದಿನದಲ್ಲಿ ನಿಲ್ಲುವ ಕಟ್ಟಡವಲ್ಲ. ಸೊಸಾಯಿಟಿಯು ಆರಂಭಿಸಿದ್ದು ಆಂಗ್ಲೋ-ವರ್ನಾಕ್ಯುಲರ್ ಶಾಲೆಯನ್ನು. ಇಂಥ ಶಾಲೆಯು ಕೆಳಗಿನ ಇಂಗ್ಲಿಷ್ ಇಯತ್ತೆಗಳಿಂದ ಮೊದಲುಗೊಂಡು ಮ್ಯಾಟ್ರಿಕ್ಕಿನವರೆಗೆ ಮೆಟ್ಟಲು ಮೆಟ್ಟಲಾಗಿ ಏರಬೇಕಾಗಿದ್ದಿತು. ಪ್ರತಿಯೊಂದು ಇಯತ್ತೆಗೂ ಬೇರೆ ಕೋಣೆ, ಗಾಳಿ-ಬೆಳಕು, ಪುಸ್ತಕಭಂಡಾರ, ಆಟದ ಬಯಲು ಬೇಕು. ವಿದ್ಯಾಖಾತೆಯ ಇನ್‌ಸ್ಪೆಕ್ಟರರು ಬಂದು ಶಿಕ್ಷಕರ ಯೋಗ್ಯತೆ, ಹಾಜರಿ, ಜಮಾಖರ್ಚುಗಳನ್ನು ಪರೀಕ್ಷಿಸಿ ಒಪ್ಪಿದರೆ ಮಾತ್ರ ಸಹಾಯಧನವು ದೊರೆಯುತ್ತಿದ್ದಿತು. ಅದೂ ವೆಚ್ಚದ ಒಂದಂಶಕ್ಕೆ ಮಾತ್ರ. ಉಳಿದುದನ್ನು ವಿದ್ಯಾರ್ಥಿಗಳ ಫೀಯಿಂದಲೂ ಭಕ್ತರ ವರ್ಗಣಿಯಿಂದಲೂ ತುಂಬಬೇಕಾಗಿದ್ದಿತು. ಫೀಯನ್ನು ಏರಿಸಿದರೆ ಬಡವರ ಮಕ್ಕಳು ಹೊರಗುಳಿಯುವರು. ಇಳಿಸಿದರೆ ಶಾಲೆಯು ಸಾಲಕ್ಕೆ ಬೀಳುವದು. ಜನತೆಯ ಶಾಲೆಯನ್ನು ನಡೆಸುವವರ ಧರ್ಮಸಂಕಟವು ಇದೇ.

ಲಿಂಗಾಯತರ ವಿದ್ಯೆಗಾಗಿ ಮೊದಲೇ ದುಡಿದ ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಎಂಬ ಇಬ್ಬರು ಹಿರಿಯರ ಹೆಸರನ್ನು ಈ ಹಾಯಸ್ಕೂಲಿಗೆ ಇಟ್ಟುದು ಅತ್ಯಂತ ಉಚಿತವಾಯಿತು. ತರುಣರ ವ್ರತವೂ ಹಿರಿಯರ ಕೀರ್ತಿಯೂ ಹೀಗೆ ಒಂದೇ ದ್ವಾರದಲ್ಲಿ ಕೂಡಿದವು. ಸಂಸ್ಥೆಯ ಹೆಸರಿನಲ್ಲಿ ಲಿಂಗಾಯತವೆಂಬ ಶಬ್ದವಿದ್ದರೂ ಶಾಲೆಯ ಬಾಗಿಲು ಸರ್ವಜಾತಿಯ ಮಕ್ಕಳಿಗೂ ತೆರೆದಿದ್ದಿತು. ಶರಣಧರ್ಮದ ಹೆಸರನ್ನು ಹೊತ್ತ ಸಂಸ್ಥೆಗೆ ಬೇರೆ ದಾರಿಯೂ ಸಲ್ಲದು.

ಆದರೂ ಒಂದು ಕೊರತೆಯು ಉಳಿದಿದ್ದಿತು. ಶಾಲೆಯು ಪಟ್ಟಣದಲ್ಲಿ, ಹುಡುಗನ ಮನೆಯು ಹಳ್ಳಿಯಲ್ಲಿ. ನಡುವೆ ಹಸಿವೆಯ ಹೊಳೆಯು. ಆ ಹೊಳೆಗೆ ಸೇತುವೆಯನ್ನು ಕಟ್ಟಿದವು ಮಠಗಳು. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳು 1917ರಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದರು. ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶ್ರೀ ಶಿವಬಸವ ಸ್ವಾಮಿಗಳು 1932ರಲ್ಲಿ ಅದೇ ಕಾರ್ಯವನ್ನು ಕೈಕೊಂಡರು. ಭಕ್ತರ ಮನೆಯ ಜೋಳವೂ ಬೇಳೆಯೂ ಜಂಗಮರ ಜೋಳಿಗೆಯಿಂದ ವಿದ್ಯಾರ್ಥಿಯ ಪರಿಯಾಣಕ್ಕೆ ಬಂದವು. ಹೆಸರನ್ನು ಬರೆಯಿಸದೆ ಮುಷ್ಟಿ ಧಾನ್ಯವನ್ನಿತ್ತ ತಾಯಂದಿರೂ ಆ ಕಾಲದ ವಿದ್ಯಾದಾನಿಗಳೇ ಸರಿ.

ಬೀಜವು ಬಲವಾಗಿದ್ದುದರಿಂದ ವೃಕ್ಷವೂ ವಿಸ್ತಾರವಾಯಿತು. 1933ರಲ್ಲಿ ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು, 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜು ಅದೇ ಸೊಸಾಯಿಟಿಯಿಂದ ತಲೆಯೆತ್ತಿದವು. ಸ್ಥಾಪಕರಲ್ಲಿ ಸಾಖರೆಯವರು 1942ರಲ್ಲಿ ಲಿಂಗಾಯತ ಧರ್ಮದ ಇತಿಹಾಸ-ತತ್ತ್ವಗಳನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು; ಬಸವನಾಳರು 1944ರ ರಬಕವಿ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವನ್ನಲಂಕರಿಸಿದರು. ಶಾಲೆಯನ್ನು ಕಟ್ಟಿದ ಕೈಗಳು ಶಾಸ್ತ್ರಸೇವೆಯನ್ನೂ ಬಿಡಲಿಲ್ಲ.

ಇಂದು ಸದ್ಭಕ್ತರ ಕೈಯಲ್ಲಿ ದ್ರವ್ಯವಿದೆ. ಊರೂರಿಗೆ ವಿದ್ಯಾಮಂದಿರಗಳು ಏಳುತ್ತಿವೆ. ಇದು ಸಂತೋಷದ ಸಂಗತಿಯೇ. ಆದರೆ ಅಡಿಗಲ್ಲನ್ನಿಡುವ ಮುನ್ನ ಆ ಕೋಣೆಗಳಲ್ಲಿ ತಮ್ಮ ಆಯುಷ್ಯವನ್ನು ಸವೆಸುವವರು ಯಾರು, ದೂರದ ಹಳ್ಳಿಯ ಮಗುವಿಗೆ ಪ್ರಸಾದವನ್ನು ನೀಡುವವರು ಯಾರು ಎಂಬೆರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿಕೊಳ್ಳುವದು ಅವಶ್ಯವು. ಅಂಥ ಕಾಯಕವೂ ಅಂಥ ದಾಸೋಹವೂ ಶಿಷ್ಯಕೋಟಿಯಲ್ಲಿ ನಿರಂತರವಾಗಿರುವಂತೆ ಶ್ರೀಗುರುವು ಕರುಣಿಸಲಿ.